ಹೆಲ್ಲರ್ 'ಸುಪೆರ್ಬ್' 1/150: ಕಡಲೂರಿಗೆ ಬಂದಿದ್ದ 'ಎರೋ' ಮಾಡಬಹುದಾ? ಬಣ್ಣದ ಬಗ್ಗೆಯೂ ಸಲಹೆ ಬೇಕು

ಕಡಲತಡಿ

ಎಲ್ಲರಿಗೂ ನಮಸ್ಕಾರ. ಹೆಲ್ಲರ್ ಕಂಪನಿಯ 'ಸುಪೆರ್ಬ್' ಮಾಡೆಲ್ ಕಿಟ್ ಕೈಗೆ ಬಂದಿದೆ. 74 ಫಿರಂಗಿಗಳ ಫ್ರೆಂಚ್ ಯುದ್ಧನೌಕೆ, ಪ್ಲಾಸ್ಟಿಕ್, 1/150 ಅಳತೆ. ಇಲ್ಲಿವರೆಗೆ ವಿಮಾನ, ಟ್ಯಾಂಕ್ ಮಾತ್ರ ಮಾಡಿದ್ದೆ. ಹಾಯಿಹಡಗು ಇದೇ ಮೊದಲು.

ಇದನ್ನೇ ತರಿಸೋಕೆ ಕಾರಣ ಇದೆ. 1782ರ ಜುಲೈನಲ್ಲಿ ಫ್ರೆಂಚ್ ದಳಪತಿ ಸುಫ್ರೆನ್ ಕಡಲೂರಿನಲ್ಲಿ ನಮ್ಮ ಹೈದರಾಲಿಯನ್ನು ಭೇಟಿ ಮಾಡಿದ್ದರು. ಸುಫ್ರೆನ್ ಅವರ ಮುಖ್ಯ ಹಡಗು 'ಎರೋ'. ಅದೂ 74 ಫಿರಂಗಿಯದೇ. ಮೈಸೂರಿನ ಇತಿಹಾಸಕ್ಕೆ ಇಷ್ಟು ಹತ್ತಿರ ಬಂದ ಫ್ರೆಂಚ್ ಹಡಗು ನನ್ನ ಕಪಾಟಿನಲ್ಲಿ ಇರಬೇಕು ಅಂತ ತುಂಬಾ ಆಸೆ. 'ಎರೋ' ಕಿಟ್ ಎಲ್ಲೂ ಕಾಣಲಿಲ್ಲ. ಎರಡೂ 74 ಅಲ್ವಾ, ಹೆಸರು ಬದಲಿಸಿದರೆ ಸಾಕಾ?

ಇನ್ನೊಂದು ಪ್ರಶ್ನೆ ಬಣ್ಣದ್ದು. ನೆಟ್‌ನಲ್ಲಿ ನೋಡಿದ ಮಾಡೆಲ್‌ಗಳಲ್ಲಿ ಒಬ್ಬರದು ನೀಲಿ, ಒಬ್ಬರದು ಕಂದು, ಇನ್ನೊಬ್ಬರದು ಹಿಂಬದಿ ತುಂಬಾ ಚಿನ್ನ. ಯಾವುದನ್ನು ನಂಬಲಿ?

ಕೂವೆಮರ

ಒಳ್ಳೆ ಕಿಟ್ ಆರಿಸಿದ್ದೀರಿ. ಆದರೆ ಇದನ್ನು 'ಎರೋ' ಅಂತ ಕರೆಯಬೇಡಿ ಸರ್.

'ಎರೋ' ನೀರಿಗಿಳಿದಿದ್ದು 1778ರ ಕೊನೆಯಲ್ಲಿ, ಫ್ರಾನ್ಸಿನ ಟೂಲೋನ್ ಬಂದರಿನಲ್ಲಿ. ನಕ್ಷೆ ಹಾಕಿದ್ದು ಅಲ್ಲಿನ ಹಡಗುಕಟ್ಟೆಯ ಕುಲೋಂ. ಆಗ ಒಂದೊಂದು ಬಂದರಿನ ಯಜಮಾನನದು ಒಂದೊಂದು ರೀತಿ. 74 ಅಂದರೆ ಫಿರಂಗಿ ಲೆಕ್ಕ ಅಷ್ಟೇ, ಒಡಲಿನ ಆಕಾರ ಒಂದೇ ಅಂತ ಅರ್ಥ ಅಲ್ಲ. 1782ರಲ್ಲಿ ಜಾಕ್ ನೊಯೆಲ್ ಸಾನೆ ಹಾಕಿದ 74ರ ನಕ್ಷೆಯನ್ನು ಸರ್ಕಾರ ಎಲ್ಲಾ ಬಂದರಿಗೂ ಮಾದರಿ ಅಂತ ಒಪ್ಪಿತು. ಅದೇ 'ಟೆಮೆರೇರ್' ವರ್ಗ. ಆ ಒಂದೇ ನಕ್ಷೆಯಲ್ಲಿ ಮುಂದೆ ನೂರರ ಆಸುಪಾಸು ಹಡಗು ಬಂದವು. ನಿಮ್ಮ 'ಸುಪೆರ್ಬ್' ಆ ವರ್ಗದ್ದು. 1784ರಲ್ಲಿ ಬ್ರೆಸ್ಟ್‌ನಲ್ಲಿ ನೀರಿಗಿಳಿಯಿತು. ಸುಫ್ರೆನ್ ಅದೇ ವರ್ಷ ಫ್ರಾನ್ಸಿಗೆ ವಾಪಸ್ ಬಂದಾಗಿತ್ತು. ಹೈದರ್ 1782ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ.

ಹೆಲ್ಲರ್ ಇದೇ ಒಡಲನ್ನು 'ಗ್ಲೋರಿಯು' ಅನ್ನೋ ಹೆಸರಲ್ಲೂ ಮಾರಿದೆ. 'ಗ್ಲೋರಿಯು' 1756ರ ಹಡಗು, ಸಾನೆ ನಕ್ಷೆಗಿಂತ ಎಷ್ಟೋ ಹಿಂದಿನದು. ಹಾಗಾಗಿ ಈ ಎರಡರಲ್ಲಿ 'ಸುಪೆರ್ಬ್' ಡಬ್ಬಿಯೇ ಸರಿ. ಸಾನೆ ನಕ್ಷೆಯ ಪ್ರಕಾರ ಒಡಲು 172 ಫ್ರೆಂಚ್ ಅಡಿ ಉದ್ದ. ಫ್ರೆಂಚ್ ಅಡಿ ಇಂಗ್ಲಿಷ್ ಅಡಿಗಿಂತ ದೊಡ್ಡದು, ಸುಮಾರು 32.5 ಸೆಂಟಿಮೀಟರ್. ಅಂದರೆ ನಿಜವಾದ ಹಡಗು ಸುಮಾರು 56 ಮೀಟರ್, ನಿಮ್ಮ ಮೇಜಿನ ಮೇಲೆ 37 ಸೆಂಟಿಮೀಟರ್. ಕಿಟ್‌ನ ಒಡಲನ್ನು ಸ್ಕೇಲ್ ಇಟ್ಟು ಅಳೆದು ನೋಡಿ. ಯಾವ ಕಿಟ್ ಬಂದರೂ ಮೊದಲು ಮಾಡಬೇಕಾದ ಕೆಲಸ ಇದು.

ಬಂದರುಬೀದಿ

ನಾನು ಇದಕ್ಕೆ ಒಪ್ಪಲ್ಲ. 37 ಸೆಂಟಿಮೀಟರ್ ಮಾಡೆಲ್‌ನಲ್ಲಿ ಕುಲೋಂ ನಕ್ಷೆಗೂ ಸಾನೆ ನಕ್ಷೆಗೂ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತೆ? ಎರಡರಲ್ಲೂ ಕೆಳಗಿನ ಸಾಲಿನಲ್ಲಿ 36 ಪೌಂಡಿನ ಗುಂಡು ಹಾರಿಸುವ ಫಿರಂಗಿ 28, ಮೇಲಿನ ಸಾಲಿನಲ್ಲಿ 18 ಪೌಂಡಿನವು 30, ಮೇಲಿನ ಡೆಕ್‌ಗಳಲ್ಲಿ 8 ಪೌಂಡಿನವು 16. ಕೂವೆ (ಹಾಯಿ ಕಟ್ಟುವ ಕಂಬ) ಮೂರು. ಹಾಯಿಯ ಜೋಡಣೆ ಒಂದೇ. ಹಿಂಬದಿಯ ಕೆತ್ತನೆ ಸ್ವಲ್ಪ ಬದಲಿಸಿ, ಹೆಸರು ಹಾಕಿದರೆ ನೋಡುವವರಿಗೆ ಸುಫ್ರೆನ್ ಕತೆ ಹೇಳಬಹುದು. ನಮ್ಮೂರಿನ ಮಕ್ಕಳಿಗೆ ಹೈದರಾಲಿ ಸಮುದ್ರದ ಕಡೆಗೂ ಕಣ್ಣಿಟ್ಟಿದ್ದ ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ದಾರಿ ಯಾವುದಿದೆ?

ಕೂವೆಮರ

ಕತೆ ಹೇಳಲೇಬೇಕು, ಅದರಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಆದರೆ ಹೆಸರಿನ ಹಲಗೆಯ ಮೇಲೆ 'ಎರೋ' ಅಂತ ಬರೆದರೆ ನೋಡುವ ಮಗು ಅದನ್ನು ನಂಬುತ್ತೆ. ಅದಕ್ಕೇ ನಾನು ಇಷ್ಟು ಹಟ ಮಾಡೋದು.

ಹೆಸರಿನ ವಿಷಯದಲ್ಲಿ ಇನ್ನೊಂದು ಗೊಂದಲವೂ ಇದೆ. ಕೋರಮಂಡಲ ತೀರದ ಆ ಕದನಗಳ ಬಗ್ಗೆ ಓದುವಾಗ 'ಸೂಪರ್ಬ್' ಅನ್ನೋ ಹೆಸರು ಪದೇಪದೇ ಬರುತ್ತೆ. ಅದು ಫ್ರೆಂಚರದ್ದಲ್ಲ. ಸುಫ್ರೆನ್ ಎದುರು ನಿಂತ ಇಂಗ್ಲಿಷ್ ದಳಪತಿ ಎಡ್ವರ್ಡ್ ಹ್ಯೂಸ್ ಅವರ ಮುಖ್ಯ ಹಡಗು. ಅದೂ 74 ಫಿರಂಗಿಯದೇ! ಯುದ್ಧ ಮುಗಿದ ಮೇಲೆ, 1783ರ ನವೆಂಬರಿನಲ್ಲಿ, ನಮ್ಮ ಪಕ್ಕದ ತಲಚೇರಿ ಹತ್ತಿರ ಮುಳುಗಿಹೋಯಿತು. ಫ್ರೆಂಚ್ 'ಸುಪೆರ್ಬ್' ಆಗಿನ್ನೂ ನೀರಿಗೇ ಇಳಿದಿರಲಿಲ್ಲ. ಇದರ ಮೇಲೆ ನೀವು ಮೂರನೇ ಹೆಸರು ಸೇರಿಸಿದರೆ ಓದುವವರ ತಲೆ ಕೆಡುತ್ತೆ.

ನನ್ನ ಸಲಹೆ: ಹಡಗನ್ನು 'ಸುಪೆರ್ಬ್' ಆಗಿಯೇ ಮಾಡಿ. ಪಕ್ಕದಲ್ಲಿ ಒಂದು ಚೀಟಿ ಇಡಿ. 'ಸುಫ್ರೆನ್ ಬಳಿಯೂ 74 ಫಿರಂಗಿಯ ಇಂಥ ಹಡಗುಗಳಿದ್ದವು, 1782ರಲ್ಲಿ ಅವು ಕಡಲೂರಿಗೆ ಬಂದಿದ್ದವು' ಅಂತ ಬರೆಯಿರಿ. ಕತೆಯೂ ಉಳಿಯುತ್ತೆ, ಹಡಗೂ ಅದೇ ಆಗಿರುತ್ತೆ.

ಬ್ರೆಸ್ಟ್ ನಿವಾಸಿ

ಈ ಚರ್ಚೆ ಈಗ ನೋಡಿದೆ. ಕೆಲಸದ ಮೇಲೆ ಬ್ರಿಟನಿಯಲ್ಲಿ ಇದ್ದೇನೆ. ಹಡಗುಗಳ ಹುಚ್ಚು ಹತ್ತಿದ್ದೇ ಇಲ್ಲಿಗೆ ಬಂದ ಮೇಲೆ. ಬಣ್ಣದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಎಲ್ಲರೂ ಎಡವುವುದು ಅಲ್ಲೇ.

ಮೊದಲಿಗೆ, ಕ್ರಾಂತಿಗೆ ಮುಂಚಿನ ಫ್ರೆಂಚ್ ಹಡಗುಗಳಿಗೆಲ್ಲ ಒಂದೇ ಬಣ್ಣ ಅಂತ ಇರಲಿಲ್ಲ. ಕಪ್ಪು-ಹಳದಿ ಚೌಕಗಳ ಸಾಲು ನಮಗೆ ಹಡಗು ಅಂದ ತಕ್ಷಣ ನೆನಪಾಗುತ್ತೆ. ಅದು ನೆಲ್ಸನ್ ಕಾಲದ ಇಂಗ್ಲಿಷ್ ರೂಢಿ, ಇಲ್ಲಿಗೆ ತರಬೇಡಿ.

ಯಾವ ಬಣ್ಣ ಅಂತ ಕೇಳುವ ಮುಂಚೆ, ಆ ಬಣ್ಣ ಯಾತರಿಂದ ಮಾಡಿದ್ದು, ಯಾಕೆ ಬಳಿದರು ಅಂತ ಕೇಳಿ. ಓಕ್ ಮರ ಬಿಸಿಲು, ಉಪ್ಪುನೀರು ತಡೆಯಬೇಕು. ಅದಕ್ಕೆ ರಾಳ, ಎಣ್ಣೆ, ಡಾಂಬರು ಬಳಿಯುತ್ತಿದ್ದರು. ಹೀಗಾಗಿ ಒಡಲಿನ ಬದಿ ಜೇನಿನ ಕಂದಿನಿಂದ ಗಾಢ ಕಂದಿನವರೆಗೆ ಇರುತ್ತೆ. ನೀರಿನ ಮಟ್ಟದ ಹತ್ತಿರ ಒಡಲಿನ ಉದ್ದಕ್ಕೂ ಉಬ್ಬಿದ ದಪ್ಪ ಹಲಗೆಗಳ ಪಟ್ಟಿ ಇದೆಯಲ್ಲ, ಅದಕ್ಕೆ ದಪ್ಪಗೆ ಡಾಂಬರು. ಆದ್ದರಿಂದ ಕಪ್ಪು. ಫಿರಂಗಿ ಸಾಲಿಗೆ ಓಕರ್ ಹಳದಿ. ಓಕರ್ ಅಂದರೆ ಮಣ್ಣಿನ ಬಣ್ಣ, ಅಗ್ಗ, ಬಿಸಿಲಿಗೆ ಹಾಳಾಗಲ್ಲ. ಡೆಕ್‌ನ ಒಳಗೋಡೆ, ಫಿರಂಗಿಯ ಗಾಡಿ, ಕಿಂಡಿಗಳ ಒಳಭಾಗ ಕೆಂಪು. ಅದೂ ಮಣ್ಣಿನದೇ, ನಮ್ಮ ಕಾವಿ ಕೆಂಪು. ಹೊಳೆಯುವ ರಕ್ತಗೆಂಪು ಹಾಕಿದರೆ ಆಟದ ಸಾಮಾನಾಗುತ್ತೆ.

ಇನ್ನು ಚಿನ್ನ. ಇದೊಂದು ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಮೈತುಂಬಾ ಚಿನ್ನದ ಹಡಗು ಅಂದರೆ 14ನೇ ಲೂಯಿಯ ಕಾಲದ್ದು. 'ಸೊಲೇ ರೊಯಾಲ್' ಅಂಥದ್ದು. 1669ರಲ್ಲಿ ಬ್ರೆಸ್ಟ್‌ನಲ್ಲಿ ನೀರಿಗಿಳಿದು, 1692ರಲ್ಲಿ ಶೆರ್ಬೂರ್ ಹತ್ತಿರ ಸುಟ್ಟುಹೋಯಿತು. ಅದರ ಹಿಂಬದಿ ರಾಜನ ವೈಭವ ತೋರಿಸೋಕೆ ಅಂತಲೇ ಕೆತ್ತಿದ್ದು. ನೂರು ವರ್ಷ ಕಳೆದು 16ನೇ ಲೂಯಿಯ ಕಾಲಕ್ಕೆ ಕೆತ್ತನೆ ತುಂಬಾ ಕಡಿಮೆಯಾಗಿತ್ತು. ಕೆತ್ತನೆ ಭಾರ, ಖರ್ಚು ಬೇರೆ. ಉಳಿದ ಕೆತ್ತನೆಗೂ ಚಿನ್ನದ ಬದಲು ಹಳದಿ ಬಣ್ಣ. ಡಬ್ಬಿಯ ಮೇಲಿನ ಚಿತ್ರ ನೋಡಿ ಚಿನ್ನದ ಪೇಂಟ್ ತರಬೇಡಿ. ಓಕರ್ ಬಳಿದು, ಉಬ್ಬಿನ ಮೇಲೆ ತಿಳಿ ಹಳದಿಯ ಒಣ ಬ್ರಷ್ ಆಡಿಸಿ. ಎರಡು ಅಡಿ ದೂರದಿಂದ ಅದೇ ಚಿನ್ನಕ್ಕಿಂತ ಚೆನ್ನಾಗಿ ಕಾಣುತ್ತೆ.

ನೀಲಿ? ಹಿಂಬದಿಯ ಹಿನ್ನೆಲೆಗೆ, ಮೇಲಿನ ಅಂಚಿಗೆ ಸ್ವಲ್ಪ ನೀಲಿ ಹಾಕಿದರೆ ಅಡ್ಡಿ ಇಲ್ಲ. ಇಡೀ ಒಡಲಿಗೆ ಬೇಡ. ನೀಲಿ ದುಬಾರಿ ಬಣ್ಣ.

ಪ್ಯಾರಿಸ್‌ನ ನೌಕಾ ಮ್ಯೂಸಿಯಂ 2023ರ ನವೆಂಬರಿನಲ್ಲಿ ಮತ್ತೆ ತೆರೆದಿದೆ. ಹೋದವರು ಅಲ್ಲಿನ ಹಳೆಯ ಮಾಡೆಲ್‌ಗಳನ್ನು ಖಂಡಿತ ನೋಡಿ. ಆದರೆ ಬಣ್ಣಕ್ಕೆ ಅವನ್ನೇ ನಂಬಬೇಡಿ. ಅವು ಪ್ರದರ್ಶನಕ್ಕೆ ವಾರ್ನಿಶ್ ಹಚ್ಚಿದವು. ಕೆಲವು ಮಾಡೆಲ್‌ಗಳು ಹಡಗು ಹೋಗಿ ಎಷ್ಟೋ ವರ್ಷ ಆದ ಮೇಲೆ ಮಾಡಿದವು. ಅವಕ್ಕಿಂತ ಆ ಕಾಲದ ಚಿತ್ರಕಾರ ವೆರ್ನೆ ಅವರ ಬಂದರು ಚಿತ್ರಗಳನ್ನು ನೋಡಿ. 15ನೇ ಲೂಯಿ ಹೇಳಿ ಬರೆಸಿದ 15 ದೊಡ್ಡ ಚಿತ್ರಗಳು. ಟೂಲೋನ್, ರೋಶ್‌ಫೋರ್ ಎಲ್ಲ ಇವೆ. ಆಗಿನ ಬಂದರುಗಳಿಗೇ ಹೋಗಿ, ಹಡಗುಗಳನ್ನು ಕಣ್ಣಾರೆ ಕಂಡು ಬರೆದವರು ಅವರು.

ಬಣ್ಣದಡಬ್ಬಿ

ಅದ್ಭುತ ಬರಹ. ಇದನ್ನು ಪ್ಲಾಸ್ಟಿಕ್ ಮೇಲೆ ತರೋದು ಹೇಗೆ ಅಂತ ನಾನು ಹೇಳುತ್ತೇನೆ. ನಾನು ಮಂಗಳೂರಿನವಳು, ಮಳೆಗಾಲದಲ್ಲಿ ಬಣ್ಣ ಹೊಡೆಯುವ ಕಷ್ಟ ಚೆನ್ನಾಗಿ ಗೊತ್ತು.

ಭಾಗಗಳನ್ನು ಫ್ರೇಮ್‌ನಿಂದ ಕತ್ತರಿಸುವ ಮೊದಲೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯಲ್ಲ. ಒಡಲಿನ ಎರಡು ಹೋಳು ಅಂಟಿಸುವಾಗ ಟೇಪ್ ಸುತ್ತಿ, ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟು) ಅನ್ನು ಸಂದಿಗೆ ಹರಿಯಬಿಡಿ. ಹಳೆಯ ಅಚ್ಚಿನ ಉದ್ದ ಒಡಲುಗಳು ಸ್ವಲ್ಪ ಸೊಟ್ಟಗಿರೋದು ಸಹಜ. ಒಳಗೆ ಅಡ್ಡ ಪಟ್ಟಿ ಕೊಟ್ಟು ಅಗಲ ಸರಿಮಾಡಿಕೊಳ್ಳಿ, ಆಮೇಲೆ ಡೆಕ್ ಕೂರುತ್ತೋ ಇಲ್ಲವೋ ನೋಡಿ.

ಮೇಲೆ ಗ್ರೇ ಪ್ರೈಮರ್. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಪೇಂಟ್ ಸ್ಪ್ರೇ ಮಾಡಿದರೆ ಬಿಳಿ ಮಂಜು ಕಟ್ಟುತ್ತೆ. ಮಳೆಗಾಲದಲ್ಲಿ ಮಾಡೋದಾದರೆ ನೀರಿನ ಅಕ್ರಿಲಿಕ್ ಬಳಸಿ. ವಲ್ಲೆಹೊ ಕಂಪನಿಯದಾಗಲಿ ಬೇರೆ ಯಾವುದೇ ಆಗಲಿ, ಬ್ರಷ್‌ನಲ್ಲಿ ತೆಳ್ಳಗೆ ಎರಡು ಮೂರು ಕೋಟ್.

ಮರದ ಗುಣ ಬರೋದು ಆಯಿಲ್ ಪೇಂಟ್‌ನಿಂದ. ಒಡಲಿಗೆ ತಿಳಿ ಕಂದು ಅಥವಾ ಓಕರ್ ಬೇಸ್ ಹೊಡೆದು, ಪೂರ್ತಿ ಒಣಗಿದ ಮೇಲೆ ಮ್ಯಾಟ್ ವಾರ್ನಿಶ್. ಅದರ ಮೇಲೆ ಚಿತ್ರಕಾರರು ಬಳಸುವ ಬರ್ನ್ಟ್ ಅಂಬರ್ (ಗಾಢ ಕಂದು) ಆಯಿಲ್ ಪೇಂಟನ್ನು ಚೂರೇ ಚೂರು ಹಚ್ಚಿ. ಒಣ ಚಪ್ಪಟೆ ಬ್ರಷ್‌ನಿಂದ ಹಲಗೆಯ ಉದ್ದಕ್ಕೆ ಎಳೆದು ಒರೆಸಿ, ಅಡ್ಡಕ್ಕೆ ಎಳೆಯಬೇಡಿ. ಹೆಲ್ಲರ್ ಒಡಲಿನಲ್ಲಿ ಹಲಗೆಯ ಗೆರೆ ಇರೋದರಿಂದ ಬಣ್ಣ ಅಲ್ಲೇ ಕೂತು ಮರ ಎದ್ದು ಕಾಣುತ್ತೆ. ಆಯಿಲ್ ಪೇಂಟ್ ನಿಧಾನಕ್ಕೆ ಒಣಗುತ್ತೆ, ಇಷ್ಟ ಆಗದಿದ್ದರೆ ಒರೆಸಿ ಮತ್ತೆ ಮಾಡಬಹುದು. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಡೋ ಹಂತ ಇದೇ.

ಡೆಕ್‌ಗೆ ಮಾತ್ರ ಕಂದು ಬೇಡ. ದಿನಾ ಉಜ್ಜಿ ತೊಳೆದ ಮರ ಬೂದು ತಿರುಗುತ್ತೆ. ಬೂದು ಬೆರೆಸಿದ ತಿಳಿ ಕೆನೆ ಬಣ್ಣ, ಅಲ್ಲಲ್ಲಿ ಕೆಲವು ಹಲಗೆ ಮಾತ್ರ ಚೂರು ಗಾಢ. ಅಪ್ಪಟ ಕಪ್ಪು, ಅಪ್ಪಟ ಬಿಳಿ ಎರಡನ್ನೂ ದೂರ ಇಡಿ. ಇಷ್ಟು ಸಣ್ಣ ಅಳತೆಗೆ ಕಪ್ಪಿಗೆ ಬೂದು, ಬಿಳಿಗೆ ಕೆನೆ ಬೆರೆಸಲೇಬೇಕು. ಫಿರಂಗಿಗಳಿಗೆ ಗಾಢ ಬೂದು ಬಳಿದು, ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಿನಿಂದ ಉಜ್ಜಿ. ಕಬ್ಬಿಣದ ಹೊಳಪು ಬರುತ್ತೆ.

ಕಡಲತಡಿ

ಎಲ್ಲರಿಗೂ ತುಂಬು ಧನ್ಯವಾದ. 'ಎರೋ' ಬಿಡ್ತೇನೆ, 'ಸುಪೆರ್ಬ್' ಆಗಿಯೇ ಮಾಡ್ತೇನೆ. ಕೂವೆಮರ ಅವರು ಹೇಳಿದ ಚೀಟಿ ಖಂಡಿತ ಇಡ್ತೇನೆ.

ಈಗ ಎರಡು ಅನುಮಾನ. ನೀರಿನ ಕೆಳಗಿನ ಭಾಗಕ್ಕೆ ಬಿಳಿಯೋ ತಾಮ್ರವೋ? ಬಾವುಟಕ್ಕೆ ಫ್ರಾನ್ಸಿನ ಈಗಿನ ಮೂರು ಬಣ್ಣದ್ದು ಹಾಕಬಹುದಾ?

ಬ್ರೆಸ್ಟ್ ನಿವಾಸಿ

ಬಾವುಟ ಮೊದಲು. ಅದರಿಂದಲೇ ನಿಮ್ಮ ಹಡಗಿನ ವರ್ಷ ನಿರ್ಧಾರ ಆಗುತ್ತೆ.

ರಾಜನ ಕಾಲದ ಫ್ರೆಂಚ್ ಯುದ್ಧನೌಕೆಗಳ ಬಾವುಟ ಬಿಳಿ. ಬರೀ ಬಿಳಿ. ನೋಡುವವರು ಶರಣಾಗತಿ ಬಾವುಟ ಅಂದುಕೊಳ್ಳುತ್ತಾರೆ, ಆದರೆ ಅದೇ ರಾಜನ ಬಾವುಟ. ಸುಫ್ರೆನ್ ಹಡಗುಗಳು ಕಡಲೂರಿಗೆ ಬಂದಾಗಲೂ ಹಾರುತ್ತಿದ್ದದ್ದು ಅದೇ. ಕ್ರಾಂತಿ ಆದ ಮೇಲೆ 1790ರಲ್ಲಿ ಬಿಳಿ ಬಾವುಟದ ಮೂಲೆಗೆ ಕೆಂಪು, ಬಿಳಿ, ನೀಲಿ ಸೇರಿಸಿದರು. ಈಗ ನಾವು ನೋಡುವ ನೀಲಿ-ಬಿಳಿ-ಕೆಂಪು ಬಾವುಟಕ್ಕೆ ಆದೇಶ ಆಗಿದ್ದು 1794ರ ಫೆಬ್ರವರಿಯಲ್ಲಿ. ನಿಮ್ಮ 'ಸುಪೆರ್ಬ್' ಈ ಮೂರನ್ನೂ ಕಂಡ ಹಡಗು. 1794ರ ಡಿಸೆಂಬರ್ ಕೊನೆಯಲ್ಲಿ ಬ್ರೆಸ್ಟ್‌ನಿಂದ ದೊಡ್ಡ ಪಡೆಯ ಜೊತೆ ಚಳಿಗಾಲದ ಯಾನಕ್ಕೆ ಹೊರಟು, 1795ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅಂದರೆ ಮೂರು ಬಣ್ಣದ ಬಾವುಟ ಹಾಕಿದರೆ ಅದು ಹಡಗಿನ ಕೊನೆಯ ವರ್ಷ. ಸುಫ್ರೆನ್ ಕತೆ ಹೇಳೋದಿದ್ದರೆ ಬಿಳಿಯೇ ಸರಿ.

ತಾಮ್ರದ ವಿಷಯ. ಮೊದಲೆಲ್ಲ ಒಡಲಿನ ತಳಕ್ಕೆ ಕೊಬ್ಬು, ರಾಳ, ಗಂಧಕ ಬೆರೆಸಿ ಬಳಿಯುತ್ತಿದ್ದರು. ಹುಳ ಮರ ಕೊರೆಯದ ಹಾಗೆ, ಪಾಚಿ ಕಟ್ಟದ ಹಾಗೆ. ಆ ಲೇಪದ ಬಣ್ಣ ಕೊಳಕು ಬಿಳಿ. ಇಂಗ್ಲಿಷರ ಜೊತೆ ನಡೆದ 1778ರಿಂದ 1783ರ ಯುದ್ಧದ ಹೊತ್ತಿಗೆ ಫ್ರೆಂಚರು ತಾಮ್ರದ ತಗಡು ಹೊದಿಸೋಕೆ ಶುರುಮಾಡಿದರು. ಇಂಗ್ಲಿಷರು ಈ ಕೆಲಸದಲ್ಲಿ ಮುಂದಿದ್ದರು. ಸುಫ್ರೆನ್ ಪಡೆಯ ಎಲ್ಲಾ ಹಡಗಿಗೂ ತಾಮ್ರ ಇರಲಿಲ್ಲ. ತಾಮ್ರ ಇದ್ದವು ಜೋರಾಗಿ ಓಡಿದರೆ ಇಲ್ಲದವು ಹಿಂದೆ ಬೀಳುತ್ತಿದ್ದವು. ಇಡೀ ಪಡೆಯನ್ನು ಒಂದೇ ಸಾಲಿನಲ್ಲಿ ಇಟ್ಟುಕೊಳ್ಳೋದು ಅವರಿಗೆ ದೊಡ್ಡ ತಲೆನೋವಾಗಿತ್ತು. 1784ರ ಹೊಸ ಹಡಗಿಗೆ ತಾಮ್ರ ಹಾಕೋದೇ ಸಹಜ ಅಂತ ನನ್ನ ಅಭಿಪ್ರಾಯ.

ಒಂದೊಂದೇ ತಗಡು ಅಂಟಿಸಲು ಹೋಗಬೇಡಿ. ಈ ಅಳತೆಯಲ್ಲಿ ಒಂದು ತಗಡು ಸುಮಾರು ಒಂದು ಸೆಂಟಿಮೀಟರ್. ತಾಮ್ರದ ಟೇಪ್ ದಪ್ಪ ಜಾಸ್ತಿ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಬಣ್ಣ ಸಾಕು. ಅದೂ ಹೊಳೆಯುವ ತಾಮ್ರ ಅಲ್ಲ, ಮಂಕು ಕಂದು. ನೀರಿನ ಗೆರೆಯ ಹತ್ತಿರ ಮಾತ್ರ ಒಂಚೂರು ಹಸಿರು.

ಹಗ್ಗದಗಂಟು

ಇಲ್ಲಿವರೆಗೆ ಯಾರೂ ಹಗ್ಗದ ಬಗ್ಗೆ ಮಾತಾಡಿಲ್ಲ! ಹಾಯಿಹಡಗಿನ ಅರ್ಧ ಕೆಲಸ ಅದೇ.

ಕಿಟ್‌ನ ಪ್ಲಾಸ್ಟಿಕ್ ಕೂವೆಗಳಲ್ಲಿ ಮೇಲಿನ ತುಂಡುಗಳು ತುಂಬಾ ತೆಳು. ದಾರ ಬಿಗಿದರೆ ಬಾಗುತ್ತವೆ. ಬಿದಿರು ಕಡ್ಡಿ ಕೆರೆದು ಅದೇ ದಪ್ಪಕ್ಕೆ ತನ್ನಿ, ಇಲ್ಲವಾದರೆ ಹಿತ್ತಾಳೆ ಕಂಬಿ ಹಾಕಿ. ಕೆಳಗಿನ ಕೂವೆಗಳಿಗೆ ಮರದ ಬಣ್ಣ, ಅವುಗಳ ಮೇಲೆ ಅಲ್ಲಲ್ಲಿ ಹಗ್ಗ ಸುತ್ತಿದ ಪಟ್ಟಿ ಇರುತ್ತೆ. ಅಡ್ಡಮರಗಳು ಮತ್ತು ಕೂವೆಯ ಮೇಲಿನ ಅಟ್ಟಗಳು ಕಪ್ಪು.

ಹಗ್ಗ ಎರಡು ಬಗೆ. ಕೂವೆಯನ್ನು ಹಿಡಿದು ನಿಲ್ಲಿಸುವ ಹಗ್ಗ ಜಾಗ ಬಿಟ್ಟು ಕದಲಲ್ಲ, ಅದಕ್ಕೆ ಡಾಂಬರು ಹಚ್ಚಿರುತ್ತಾರೆ. ಹಾಗಾಗಿ ಕಪ್ಪಿಗೆ ಹತ್ತಿರದ ಕಂದು. ಹಾಯಿ ಎಳೆಯುವ, ತಿರುಗಿಸುವ ಹಗ್ಗ ರಾಟೆಯಲ್ಲಿ ಓಡಾಡಬೇಕು. ಅದು ಸೆಣಬಿನ ತಿಳಿ ಬಣ್ಣ. ಈ ಎರಡು ಬಣ್ಣ ಸರಿ ಬಂದರೆ ಹಡಗಿನ ಕೆಲಸ ಹೇಗೆ ನಡೀತಿತ್ತು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ಹತ್ತಿಯ ದಾರ ಬೇಡ. ನೂಲು ಏಳುತ್ತೆ, ಗಾಳಿಯ ತೇವಕ್ಕೆ ಬಿಗಿಯಾಗಿ ಮತ್ತೆ ಸಡಿಲ ಆಗುತ್ತೆ. ಪಾಲಿಯೆಸ್ಟರ್ ದಾರ ಸ್ಥಿರವಾಗಿರುತ್ತೆ, ಜೇನುಮೇಣದ ಮೇಲೆ ಎಳೆದು ಬಳಸಿ. ಸೀರೆ ಕುಚ್ಚಿನ ರೇಷ್ಮೆ ದಾರ ಕಣ್ಣಿಗೆ ಚಂದ, ಆದರೆ ಹೊಳಪು ಜಾಸ್ತಿ, ಹಡಗಿಗೆ ಹೊಂದಲ್ಲ. ದಪ್ಪದ ಅಂದಾಜು ಹೇಳ್ತೇನೆ. ದೊಡ್ಡ ಕೂವೆಯನ್ನು ಪಕ್ಕದಿಂದ ಹಿಡಿಯುವ ಹಗ್ಗ ನಿಜದಲ್ಲಿ ಏಳೆಂಟು ಸೆಂಟಿಮೀಟರ್ ದಪ್ಪ, ಮಾಡೆಲ್‌ನಲ್ಲಿ ಅರ್ಧ ಮಿಲಿಮೀಟರ್. ಅದರ ಮೇಲೆ ಹತ್ತಲು ಕಟ್ಟಿದ ಅಡ್ಡಹಗ್ಗಗಳಿಗೆ ಸಿಗುವ ದಾರಗಳಲ್ಲೇ ಅತಿ ಸಣ್ಣದು ಬೇಕು. ಮೀನು ಹಿಡಿಯುವ ಗಾಳಕ್ಕೆ ನಕಲಿ ನೊಣ ಕಟ್ಟುವ ದಾರ ಸಿಗುತ್ತೆ, ಅದು ಚೆನ್ನಾಗಿದೆ. ಎರಡು ಮೆಟ್ಟಿಲ ನಡುವೆ ಎರಡರಿಂದ ಎರಡೂವರೆ ಮಿಲಿಮೀಟರ್. ಗೆರೆ ಎಳೆದ ಕಾಗದ ಹಿಂದೆ ಇಟ್ಟು ಕಟ್ಟಿ. ಗಂಟು ಬಿಗಿ ಎಳೆಯಬೇಡಿ, ಎಳೆದರೆ ಪಕ್ಕದ ಹಗ್ಗಗಳು ಒಳಕ್ಕೆ ಬಾಗುತ್ತವೆ.

ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಹಾಯಿ ಬಿಟ್ಟುಬಿಡಿ. ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಅಡ್ಡಮರಕ್ಕೆ ಸುತ್ತಿ ಕಟ್ಟಿದ ಹಾಯಿ ಮಾಡಬಹುದು. ಸುತ್ತಿದ ಹಾಯಿಗೆ ಪೂರ್ತಿ ಉದ್ದದ ಕಾಗದ ತಗೋಬೇಡಿ, ಮೂರನೇ ಒಂದು ಭಾಗ ಸಾಕು, ಇಲ್ಲದಿದ್ದರೆ ದಪ್ಪ ಮೂಟೆಯಾಗುತ್ತೆ. ಬಣ್ಣ ಬಿಳಿ ಅಲ್ಲ, ಸೆಣಬಿನ ಬೂದು ಬೆರೆತ ಕೆನೆ.

ಬಂದರುಬೀದಿ

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ, ಬದಲಾಗಿಲ್ಲ. ಆದರೆ ಬಿಳಿ ಬಾವುಟದ ವಿಷಯ ಓದಿ ತುಂಬಾ ಖುಷಿಯಾಯಿತು. ಕಡಲತಡಿ ಅವರೇ, ಒಂದು ಬೇಡಿಕೆ. ಚೀಟಿಯಲ್ಲಿ 1788ರ ಕತೆಯನ್ನೂ ಸೇರಿಸಿ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರೆಂಚ್ ಹಡಗಿನಲ್ಲಿ ಹೋಗಿ ಇಳಿದದ್ದು ಟೂಲೋನ್‌ನಲ್ಲಿ. 'ಎರೋ' ಕಟ್ಟಿದ ಅದೇ ಬಂದರು. ಮುಂದೆ 1793ರ ಡಿಸೆಂಬರಿನಲ್ಲಿ 'ಎರೋ' ಸುಟ್ಟುಹೋಗಿದ್ದೂ ಅಲ್ಲೇ.

ಕಡಲತಡಿ

ಖಂಡಿತ ಸೇರಿಸ್ತೇನೆ. ಬಿಳಿ ಬಾವುಟ, ತಾಮ್ರದ ತಳ, ಸುತ್ತಿದ ಹಾಯಿ, ಎಲ್ಲೂ ಚಿನ್ನ ಇಲ್ಲ. ಒಡಲು ತೊಳೆದು ಒಣಗಲು ಇಟ್ಟಿದ್ದೇನೆ. ಫಿರಂಗಿಗಳನ್ನು ಯಾವಾಗ ಅಂಟಿಸಲಿ? ಈಗಲೋ ಕೊನೆಗೋ?

ಹಗ್ಗದಗಂಟು

ಕೆಳಗಿನ ಎರಡು ಸಾಲಿನವನ್ನು ಹಗ್ಗ ಎಲ್ಲ ಕಟ್ಟಿದ ಮೇಲೆ ಹಾಕಿ. ಮೊದಲೇ ಅಂಟಿಸಿದರೆ ದಾರ ಪ್ರತಿ ಫಿರಂಗಿಗೂ ಸಿಕ್ಕಿಕೊಳ್ಳುತ್ತೆ. ಮೇಲಿನ ಡೆಕ್‌ನ ಗಾಡಿಗಳನ್ನು ಮಾತ್ರ ಕೂವೆ ನಿಲ್ಲಿಸುವ ಮುಂಚೆ ಕೂರಿಸಿ, ಆಮೇಲೆ ಅಲ್ಲಿ ಬೆರಳು ಹೋಗಲ್ಲ. ಕಿಂಡಿಯ ಮುಚ್ಚಳಗಳನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ.